ಮೂರು ಜರಡಿಗಳು

ರಾಗಿ ಹಸನು ಮಾಡುವ ಬಗೆಯನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯಹೊರಟರೆ ಓದುಗ ಮಿತ್ರರು ನಗಬಹುದು. ನಮ್ಮಲ್ಲಿ ಮುಕ್ಕಾಲು ಪಾಲು ಮಂದಿ ರಾಗಿಯ ಸೀಮೆಯಿಂದಲೇ ಬಂದವರು; ಕಣದ ಧೂಳು ಕುಡಿಯದವರು ವಿರಳ. ಆದರೂ ನಾನು ಅಲ್ಲಿಂದಲೇ ಆರಂಭಿಸಬೇಕಾಗಿದೆ. ಏಕೆಂದರೆ ಕಳೆದ ವರ್ಷದ ರಜೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ನಾನು ಕಲಿತದ್ದೆಲ್ಲ ಕೊನೆಗೆ ನನ್ನನ್ನು ಅವ್ವನ ಮೊರದ ಮುಂದೆಯೇ ತಂದು ಕೂರಿಸಿತು.

ಒಕ್ಕಣೆಯಾದ ಮೇಲೆ ಮೊದಲು ರಾಗಿಯನ್ನು ಗಾಳಿಗೆ ತೂರುತ್ತಾರೆ, ಹೊಟ್ಟು ಹಾರಿಹೋಗುತ್ತದೆ. ಆಮೇಲೆ ಜರಡಿ ಹಿಡಿಯುತ್ತಾರೆ. ಕಡ್ಡಿ, ಹೆಂಟೆ ಮೇಲೆ ನಿಲ್ಲುತ್ತವೆ. ಕಟ್ಟಕಡೆಗೆ ಅವ್ವ ಮೊರ ಹಿಡಿದು ಕೂರುತ್ತಾಳೆ. ಕಾಳಿನಷ್ಟೇ ಗಾತ್ರದ ಕಲ್ಲನ್ನು ಗಾಳಿ ಅರಿಯದು, ಜರಡಿಯೂ ಅರಿಯದು. ಅದನ್ನು ಕಣ್ಣೇ ಕಾಣಬೇಕು. ಈ ಮೂರರಲ್ಲಿ ಯಾವುದನ್ನೂ ಬಿಡುವಂತಿಲ್ಲ, ಹಿಂದುಮುಂದು ಮಾಡುವಂತೆಯೂ ಇಲ್ಲ. ತೂರದ ರಾಶಿಯಲ್ಲಿ ಕಲ್ಲು ಹುಡುಕಲು ಕುಳಿತವನಿಗೆ ಹೊಟ್ಟಿನ ಹೊರತು ಮತ್ತೇನೂ ಕಾಣದು. ದಾಖಲೆಗಳನ್ನು ಹಸನು ಮಾಡುವುದೂ ಹೀಗೆಯೇ ಎಂದು ನಾನು ಕಂಡುಕೊಂಡ ಕತೆಯನ್ನು ಹೇಳುತ್ತೇನೆ.

ನಮ್ಮ ಇತಿಹಾಸದ ಅಧ್ಯಾಪಕರಿಗೆ ಒಂದು ಆಸೆಯಿತ್ತು. ಸುತ್ತಲಿನ ಹಳ್ಳಿಗಳ ಪ್ರಾಥಮಿಕ ಶಾಲೆಗಳಲ್ಲಿ ಗೆದ್ದಲು ಹಿಡಿಯುತ್ತಿರುವ ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ಅಳಿಯುವ ಮುನ್ನ ಕಂಪ್ಯೂಟರಿಗೆ ಏರಿಸಬೇಕು. ಯಾವ ಕೇರಿಯ ಮಕ್ಕಳು ಯಾವ ಕಾಲದಲ್ಲಿ ಶಾಲೆಯ ಮೆಟ್ಟಿಲು ಹತ್ತಿದರು, ಯಾವಾಗ ಬಿಟ್ಟರು ಎಂಬುದನ್ನು ತಿಳಿಯಬೇಕು. ಹೆಸರುಗಳು ಕಾಲೇಜಿನಾಚೆ ಹೋಗಬಾರದೆಂಬ ಕಟ್ಟುಪಾಡಿನ ಮೇಲೆ ಮುಖ್ಯೋಪಾಧ್ಯಾಯರುಗಳ ಒಪ್ಪಿಗೆಯೂ ದೊರೆಯಿತು. ಕೆಲಸಕ್ಕೆ ನಾಲ್ವರು ವಿದ್ಯಾರ್ಥಿಗಳು ಬೇಕಾಗಿದ್ದರು. ನನ್ನ ಕೈಬರಹ ಚೆನ್ನಾಗಿದೆಯೆಂದು ನನ್ನನ್ನು ಆರಿಸಿದರು. ಕೈಬರಹಕ್ಕೂ ಕೀಲಿಮಣೆಗೂ ಏನು ಸಂಬಂಧವೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನನ್ನ ಪಾಲಿಗೆ ಬಂದದ್ದು ನಮ್ಮ ಊರಿನ ಶಾಲೆಯ ರಿಜಿಸ್ಟರೇ. 1961ರಿಂದ 2012ರ ವರೆಗಿನದು, ಸಾವಿರಕ್ಕೂ ಮೀರಿದ ಹೆಸರುಗಳು.

ಕಂಪ್ಯೂಟರ್ ಅಧ್ಯಾಪಕರು ನಮಗೆ ಮೊದಲು ಎಕ್ಸ್‌ಎಂಎಲ್ ಎಂಬ ಬರವಣಿಗೆಯ ಪದ್ಧತಿಯನ್ನು ಕಲಿಸಿದರು. ಅಂತರಜಾಲದ ಕಟ್ಟಳೆಗಳನ್ನು ರೂಪಿಸುವ ಡಬ್ಲ್ಯು3ಸಿ ಎಂಬ ಒಕ್ಕೂಟವು ಇದನ್ನು 1998ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಇದರ ಗುಟ್ಟು ಬಹಳ ಸರಳ. ಪ್ರತಿಯೊಂದು ಸಂಗತಿಯ ಹಿಂದೆ ಮುಂದೆ ಅದು ಏನೆಂದು ಹೇಳುವ ಟ್ಯಾಗು ಇರಬೇಕು. ತೆರೆದ ಟ್ಯಾಗನ್ನು ಮುಚ್ಚಬೇಕು. ಕೊನೆಗೆ ತೆರೆದದ್ದನ್ನು ಮೊದಲು ಮುಚ್ಚಬೇಕು. ಎಲ್ಲವನ್ನೂ ಒಳಗೊಳ್ಳುವ ಒಂದೇ ಒಂದು ಹೊರ ಟ್ಯಾಗು ಇರಬೇಕು. ಡಬ್ಬಿಯೊಳಗೆ ಡಬ್ಬಿ ಇಟ್ಟಂತೆ. ನನಗೆ ಸಂತೋಷವಾದದ್ದೆಂದರೆ ಟ್ಯಾಗಿನ ಹೆಸರನ್ನು ಕನ್ನಡದಲ್ಲಿಯೇ ಬರೆಯಬಹುದೆಂಬುದು. <ಹೆಸರು> ಎಂದು ತೆರೆದು </ಹೆಸರು> ಎಂದು ಮುಚ್ಚಿದರೆ ಯಂತ್ರವು ತಕರಾರಿಲ್ಲದೆ ಒಪ್ಪಿತು. ಹತ್ತು ವರ್ಷ ಇಂಗ್ಲಿಷಿಗೆ ಹೆದರಿ ಬದುಕಿದವನಿಗೆ ಇದು ಸಣ್ಣ ಸಂಗತಿಯಲ್ಲ.

ಒಂದು ವಾರ ಕುಳಿತು ನಲವತ್ತು ಪುಟ ಬರೆದು ಮುಗಿಸಿ, ದೊಡ್ಡ ಕೆಲಸ ಮಾಡಿದ ಹೆಮ್ಮೆಯಿಂದ ಮೊದಲ ಪರೀಕ್ಷೆಗೆ ಒಪ್ಪಿಸಿದೆ. ಯಂತ್ರವು ಮೂರನೆಯ ಪುಟಕ್ಕೇ ನಿಂತಿತು. ಆಚೆಗೆ ಒಂದಕ್ಷರವನ್ನೂ ಓದಲಾರೆನೆಂದಿತು. ಅಧ್ಯಾಪಕರು ಬಂದು ಇಣುಕಿ ನೋಡಿ ನಕ್ಕರು. ‘ವಿದ್ಯಾರ್ಥಿ’ ಎಂದು ತೆರೆದವನು ‘ವಿಧ್ಯಾರ್ಥಿ’ ಎಂದು ಮುಚ್ಚಿದ್ದೆ! ಎಲ್ಲಿಯೋ ಇರಬೇಕಾದ ಮಹಾಪ್ರಾಣ ಇನ್ನೆಲ್ಲಿಯೋ ಬಂದು ಕುಳಿತಿತ್ತು. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು ಈ ತಪ್ಪಿಗೆ ಅರ್ಧ ಅಂಕ ಕಳೆದು ಮುಂದೆ ಹೋಗುತ್ತಿದ್ದರು. ಎಕ್ಸ್‌ಎಂಎಲ್ಲಿನ ಕಟ್ಟಳೆ ಅಷ್ಟು ಕರುಣೆಯದಲ್ಲ. ಇಂಥ ತಪ್ಪು ಕಂಡ ಮೇಲೆ ಓದುವ ಯಂತ್ರವು ತಾನೇ ಊಹಿಸಿಕೊಂಡು ಮುಂದುವರಿಯಕೂಡದೆಂದು ಅದರಲ್ಲಿ ಸ್ಪಷ್ಟವಾಗಿ ವಿಧಿಸಿದೆ.

ಇದೇ ಮೊದಲನೆಯ ಜರಡಿ. ಇದು ಅರ್ಥವನ್ನು ಕೇಳುವುದಿಲ್ಲ. ಕಟ್ಟಡ ನೆಟ್ಟಗಿದೆಯೇ ಎಂಬುದೊಂದೇ ಇದರ ಪ್ರಶ್ನೆ. ನಾನು ಹುಟ್ಟಿದ ದಿನದ ಜಾಗದಲ್ಲಿ ‘ಹುಣಸೆಹಣ್ಣು’ ಎಂದು ಬರೆದಿದ್ದರೂ ಟ್ಯಾಗು ಸರಿಯಾಗಿದ್ದರೆ ಇದು ದಾಟಿಸಿಬಿಡುತ್ತಿತ್ತು.

ಹುಣಸೆಹಣ್ಣನ್ನು ಹಿಡಿಯುವುದು ಎರಡನೆಯ ಜರಡಿ. ಅದಕ್ಕೆ ಸ್ಕೀಮಾ ಎಂದು ಹೆಸರು. ದಾಖಲೆಯಲ್ಲಿ ಏನೇನಿರಬೇಕು, ಯಾವುದರ ನಂತರ ಯಾವುದು, ಯಾವುದು ಎಷ್ಟು ಸಲ ಬರಬಹುದು, ತಾರೀಖಿನ ಜಾಗದಲ್ಲಿ ತಾರೀಖೇ ಇದೆಯೇ ಎಂಬ ಕಟ್ಟಳೆಗಳ ಪಟ್ಟಿ ಅದು. ಡಬ್ಲ್ಯು3ಸಿ ಒಕ್ಕೂಟವೇ ಈ ಸ್ಕೀಮಾ ಭಾಷೆಯನ್ನು 2001ರಲ್ಲಿ ಅಂಗೀಕರಿಸಿತು. ಇದರ ತಾರೀಖಿನ ನಿಯಮ ಬಹಳ ಬಿಗಿ: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಫೆಬ್ರವರಿ 30 ಎಂದರೆ ಒಡನೆಯೇ ಹಿಡಿಯುತ್ತದೆ.

ನಮ್ಮ ರಿಜಿಸ್ಟರಿನ ತಾರೀಖುಗಳಲ್ಲಿ ಒಂದೂ ಇದನ್ನು ದಾಟಲಿಲ್ಲ. ನಮ್ಮೂರಿನ ಮೇಷ್ಟ್ರುಗಳು ದಿನವನ್ನು ಮೊದಲು ಬರೆದಿದ್ದರು. ಅದೂ ಕನ್ನಡದ ಅಂಕಿಗಳಲ್ಲಿ: ೧-೬-೧೯೭೪, ೧೨-೮-೧೯೮೧. ಟ್ಯಾಗಿನ ಹೆಸರಿಗೆ ಕನ್ನಡವನ್ನು ಒಪ್ಪಿದ ಏರ್ಪಾಡು ತಾರೀಖಿಗೆ ಮಾತ್ರ 0ಯಿಂದ 9ರ ವರೆಗಿನ ಅಂಕಿಗಳನ್ನೇ ಬೇಡಿತು. ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಯಲು ನಾನು ಸಿದ್ಧನಾದೆ. ಇತಿಹಾಸದ ಅಧ್ಯಾಪಕರು ತಡೆದರು. “ಮೇಷ್ಟ್ರು ಬರೆದದ್ದನ್ನು ತಿದ್ದಲು ನೀನು ಯಾರಪ್ಪ?” ಎಂದರು.

ಹಳೆಯ ಗ್ರಂಥಗಳನ್ನು ಕಂಪ್ಯೂಟರಿಗೆ ಏರಿಸುವ ವಿದ್ವಾಂಸರು 1987ರಲ್ಲಿ ಆರಂಭಿಸಿದ ಟಿಇಐ ಎಂಬ ಪದ್ಧತಿಯೊಂದಿದೆ. ಅದರಲ್ಲಿ ಈ ತೊಡಕಿಗೆ ಸೊಗಸಾದ ಪರಿಹಾರವಿದೆ. ಟ್ಯಾಗಿನ ಒಳಗೆ ಮೂಲದಲ್ಲಿದ್ದುದನ್ನು ಇದ್ದಂತೆಯೇ ಇಡುವುದು. ಯಂತ್ರಕ್ಕೆ ಬೇಕಾದ ರೂಪವನ್ನು ಟ್ಯಾಗಿನ ಮಗ್ಗುಲಲ್ಲಿ ಪ್ರತ್ಯೇಕವಾಗಿ ಬರೆಯುವುದು. ನಾವು ಅದನ್ನೇ ಎರವಲು ಪಡೆದೆವು. ಕನ್ನಡ ಅಂಕಿಗಳನ್ನು ಓದಿ, ದಿನ ತಿಂಗಳುಗಳನ್ನು ಹಿಂದುಮುಂದು ಮಾಡಿ, ಮಗ್ಗುಲಲ್ಲಿ ಬರೆಯುವ ಕೆಲಸವನ್ನು ಯಂತ್ರವೇ ಮಾಡುವಂತೆ ಕಂಪ್ಯೂಟರ್ ಅಧ್ಯಾಪಕರು ಒಂದು ಸಣ್ಣ ಏರ್ಪಾಡು ಬರೆದುಕೊಟ್ಟರು.

ಆಗ ಹಂತಗಳ ಕ್ರಮವೆಂಬ ಪ್ರಶ್ನೆ ಎದುರಾಯಿತು. ತಾರೀಖಿನ ಪರಿವರ್ತನೆ ಸ್ಕೀಮಾದ ಮೊದಲೇ ನಡೆಯಬೇಕು. ನಂತರ ನಡೆದರೆ ಒಳ್ಳೆಯ ದಾಖಲೆಯೂ ತಪ್ಪೆನಿಸಿಕೊಳ್ಳುತ್ತದೆ. ಒಂದು ಹಂತದಿಂದ ಹೊರಬಂದದ್ದು ಮುಂದಿನ ಹಂತಕ್ಕೆ ತಾನಾಗಿ ಹರಿಯುವಂತೆ, ಕಾಲುವೆ ತೋಡಿದ ಹಾಗೆ, ಇಡೀ ಕ್ರಮವನ್ನೇ ಬರೆದಿಡುವುದಕ್ಕೆ ಎಕ್ಸ್‌ಪ್ರಾಕ್ ಎಂಬ ಭಾಷೆಯೊಂದಿದೆ. ಅದು 2010ರ ಮೇ ತಿಂಗಳಲ್ಲಿ ಅಂಗೀಕೃತವಾಯಿತು. ಮೊದಲು ಪರಿವರ್ತನೆ, ಆಮೇಲೆ ಸ್ಕೀಮಾ, ಕೊನೆಗೆ ಮೂರನೆಯ ಪರೀಕ್ಷೆ ಎಂದು ಅದರಲ್ಲಿ ಬರೆದಿಟ್ಟೆವು. ಹೀಗೆ ಬರೆದಿಟ್ಟರೆ ಇಂದು ನಾನು ಮಾಡಿದ ಪರೀಕ್ಷೆಯನ್ನು ಮುಂದಿನ ವರ್ಷ ಇನ್ನೊಬ್ಬನು ಅದೇ ಕ್ರಮದಲ್ಲಿ ಮಾಡಬಹುದು. ಯಾವನೋ ಒಬ್ಬನ ನೆನಪಿನಲ್ಲಿರುವ ಕ್ರಮವು ಅವನೊಂದಿಗೇ ರಜೆಗೆ ಊರಿಗೆ ಹೋಗಿಬಿಡುತ್ತದೆ.

ಇಲ್ಲಿ ಒಂದು ಅಚಾತುರ್ಯವನ್ನು ಮುಚ್ಚಿಡದೆ ಹೇಳಬೇಕು. ರಿಜಿಸ್ಟರಿನಲ್ಲಿ ಮಾತೃಭಾಷೆಯ ಕಲಮೊಂದಿತ್ತು. ಹೆಚ್ಚಿನ ಕಡೆ ‘ಕನ್ನಡ’ ಎಂದೇ ಇದ್ದುದರಿಂದ, ಖಾಲಿ ಬಿಟ್ಟರೆ ಕನ್ನಡವೆಂದು ತಿಳಿಯುವಂತೆ ಸ್ಕೀಮಾದಲ್ಲಿಯೇ ಹೇಳಿಬಿಟ್ಟಿದ್ದೆವು. ಸ್ಕೀಮಾದಲ್ಲಿ ಅದಕ್ಕೆ ಅವಕಾಶವಿದೆ. ಪರಿಣಾಮವೇನಾಯಿತೆಂದರೆ, ಊರಾಚೆಯ ತಾಂಡಾದ ಲಂಬಾಣಿ ಮಕ್ಕಳ ಹೆಸರಿನ ಮುಂದೆ ಯಾವನೋ ಮೇಷ್ಟ್ರು ಕಲಮನ್ನು ಖಾಲಿ ಬಿಟ್ಟಿದ್ದನಷ್ಟೆ, ಆ ಮಕ್ಕಳೆಲ್ಲ ಜರಡಿಯ ಈಚೆಗೆ ಬರುವಷ್ಟರಲ್ಲಿ ಕನ್ನಡ ಮಾತೃಭಾಷೆಯವರಾಗಿಬಿಟ್ಟಿದ್ದರು! ತಪ್ಪೊಂದೂ ವರದಿಯಾಗಲಿಲ್ಲ. ನಮ್ಮಲ್ಲೊಬ್ಬ ಗೆಳೆಯ ಆ ತಾಂಡಾದವನೇ ಆದ್ದರಿಂದ ಕಣ್ಣಿಗೆ ಬಿತ್ತು. ಅವನು ಸಿಟ್ಟಾಗಲಿಲ್ಲ. “ನಮ್ಮನ್ನು ಕೇಳದೆಯೇ ಬರೆದುಕೊಂಡಿರಾ?” ಎಂದನಷ್ಟೆ. ಪರೀಕ್ಷಕನೇ ಉತ್ತರವನ್ನು ತುಂಬಿಬಿಟ್ಟರೆ ಅದು ಪರೀಕ್ಷೆಯಾಗುವುದಿಲ್ಲವೆಂದು ಅಂದು ತಿಳಿಯಿತು. ಆ ಸಾಲನ್ನು ತೆಗೆದುಹಾಕಿದೆವು. ಖಾಲಿಯಿದ್ದದ್ದು ಖಾಲಿಯೇ ಉಳಿಯಿತು.

ಇನ್ನು ಮೂರನೆಯ ಜರಡಿ. ಅದರ ಹೆಸರು ಸ್ಕೀಮಟ್ರಾನ್. ರಿಕ್ ಜೆಲಿಫ್ ಎಂಬುವರು 1999ರ ಸುಮಾರಿನಲ್ಲಿ ಇದನ್ನು ರೂಪಿಸಿದರು. 2006ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಆಯಿತು. ಸ್ಕೀಮಾವು ಒಂದೊಂದು ಕಲಮನ್ನೂ ಅದರದರ ಜಾಗದಲ್ಲಿ ನೋಡುತ್ತದೆ. ಸ್ಕೀಮಟ್ರಾನ್ ಒಂದು ಕಲಮನ್ನು ಇನ್ನೊಂದರ ಪಕ್ಕದಲ್ಲಿಟ್ಟು ಕೇಳುತ್ತದೆ: ಇವೆರಡೂ ಏಕಕಾಲದಲ್ಲಿ ನಿಜವಾಗಲು ಸಾಧ್ಯವೇ? ಶಾಲೆ ಬಿಟ್ಟ ದಿನವು ಸೇರಿದ ದಿನಕ್ಕಿಂತ ಮೊದಲಿದ್ದರೆ ಎರಡೂ ಒಳ್ಳೆಯ ತಾರೀಖುಗಳೇ. ಆದರೆ ಜೊತೆಯಲ್ಲಿ ಸುಳ್ಳು. ಇನ್ನೊಂದು ಗುಣವೆಂದರೆ, ನಿಯಮ ಮುರಿದಾಗ ಏನು ಹೇಳಬೇಕೆಂಬುದನ್ನು ನಮ್ಮ ಮಾತಿನಲ್ಲಿಯೇ ಬರೆದಿಡಬಹುದು.

ನಾವು ಕುಳಿತು ನಿಯಮಗಳನ್ನು ಯೋಚಿಸಿದೆವು. ಸೇರಿದ ದಿನಕ್ಕೆ ಮಗುವಿಗೆ ಐದು ವರ್ಷವಾದರೂ ತುಂಬಿರಬೇಕು. ದಾಖಲಾತಿ ನಂಬರು ಎರಡು ಸಲ ಬರಬಾರದು. ಹಳ್ಳಿಯ ಅನುಭವವಿದ್ದ ನಾನು ಒಂದು ನಿಯಮವನ್ನು ಸೂಚಿಸಿದೆ: ಒಂದೇ ತಂದೆತಾಯಿಗಳ ಎರಡು ಮಕ್ಕಳು ಅವಳಿಗಳಲ್ಲದಿದ್ದರೆ ಅವರ ಹುಟ್ಟಿನ ನಡುವೆ ಒಂಬತ್ತು ತಿಂಗಳಿಗಿಂತ ಕಡಿಮೆ ಅಂತರವಿರಬಾರದು. ಅಧ್ಯಾಪಕರು ಬೆನ್ನು ತಟ್ಟಿದರು. ಅದರ ಸಂದೇಶವನ್ನೂ ನಾನೇ ಬರೆದೆ: ‘ಈ ಇಬ್ಬರು ಒಡಹುಟ್ಟಿದವರ ಜನ್ಮದಿನಗಳಲ್ಲಿ ಒಂದಾದರೂ ಸುಳ್ಳು.’

ಆ ಸಂಜೆ ಪರೀಕ್ಷೆ ನಡೆಸಿದಾಗ ಹನ್ನೊಂದು ಕಡೆ ಆ ಸಂದೇಶ ಬಂತು. ಹತ್ತನ್ನು ನೋಡಿದೆ, ಎಲ್ಲ ಹಳಬರು. ಹನ್ನೊಂದನೆಯದನ್ನು ತೆರೆದೆ. ಅದರಲ್ಲಿ ನಮ್ಮ ಅಪ್ಪನ ಹೆಸರಿತ್ತು, ಅವ್ವನ ಹೆಸರಿತ್ತು. 2010ರ ಜೂನಿನಲ್ಲಿ ಒಂದೇ ದಿನ ಒಂದನೆಯ ತರಗತಿಗೆ ಸೇರಿದ ಇಬ್ಬರು ಮಕ್ಕಳು. ಹುಡುಗಿ ಹುಟ್ಟಿದ್ದು ೧-೬-೨೦೦೪. ಹುಡುಗ ಹುಟ್ಟಿದ್ದು ೧೫-೧೧-೨೦೦೪. ನಡುವೆ ಐದೂವರೆ ತಿಂಗಳು. ಹುಡುಗಿ ನನ್ನ ಅಕ್ಕ; ಹುಡುಗ ನಾನು.

ಅಕ್ಕ ನನಗಿಂತ ದೊಡ್ಡವಳೆಂಬುದು ನನಗೆ ತಿಳಿಯದ್ದೇನಲ್ಲ. ಆದರೆ ನಾವಿಬ್ಬರೂ ಏಳನೆಯ ತರಗತಿಯ ವರೆಗೆ ಒಂದೇ ಕೋಣೆಯಲ್ಲಿ ಕುಳಿತವರು. ಎಲ್ಲರಿಗಿಂತ ಎತ್ತರವಾಗಿ, ಹಿಂದಿನ ಸಾಲಿನಲ್ಲಿ ಮೈ ಮುದುಡಿ ಕೂರುತ್ತಿದ್ದ ಅವಳನ್ನು ಕಂಡು ನನಗೆ ನಾಚಿಕೆಯಾಗುತ್ತಿತ್ತು. ದೊಡ್ಡವಳಾಗಿಯೂ ತಮ್ಮನ ತರಗತಿಯಲ್ಲಿರುವವಳು ದಡ್ಡಿಯೇ ಇರಬೇಕೆಂದು ನಾನು ತೀರ್ಮಾನಿಸಿದ್ದೆ. ಜಗಳವಾದಾಗ ಹಾಗೆಂದು ಕೂಗಿಯೂ ಇದ್ದೆ. ಅವಳು ಒಮ್ಮೆಯೂ ಎದುರು ಮಾತಾಡಿರಲಿಲ್ಲ. ಏಳು ಮುಗಿಯುತ್ತಲೇ ಶಾಲೆ ಬಿಟ್ಟಳು. ನಾನು ಹೈಸ್ಕೂಲಿಗೆ ಹೋದೆ.

ಶನಿವಾರ ಊರಿಗೆ ಹೋದೆ. ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಕುಳಿತಿದ್ದಳು. ಅಕ್ಕ ಹುಟ್ಟಿದ್ದು ಯಾವಾಗವ್ವ ಎಂದು ಕೇಳಿದೆ. ಅವಳು ತಲೆಯೆತ್ತದೆ ಹೇಳಿದಳು:

“ಆರಿದ್ರ ಮಳೆ ಬರಬೇಕಾಗಿತ್ತು, ಆ ವರ್ಷ ಬರಲೇ ಇಲ್ಲ. ಆ ಆರಿದ್ರದಾಗೇ ಹುಟ್ಟಿದಳು. ನೀನು ಹುಟ್ಟೋ ಹೊತ್ತಿಗೆ ಅವಳಿಗೆ ಎರಡು ತುಂಬಿ ನಾಕು ತಿಂಗಳು.”

ಲೆಕ್ಕ ಹಾಕಿದೆ. 2002; ಜೂನ್ ಕೊನೆಯ ವಾರ, ಇಲ್ಲವೆ ಜುಲೈ ಮೊದಲ ವಾರ. ಹಾಗಾದರೆ ಅವಳನ್ನು ಎರಡು ವರ್ಷ ತಡವಾಗಿ ಶಾಲೆಗೆ ಸೇರಿಸಿದ್ದೇಕೆ?

“ನಾನು, ನಿಮ್ಮಪ್ಪ ಕೂಲಿಗೆ ಹೋದರೆ ನಿನ್ನ ಎತ್ತಿಕೊಳ್ಳೋರು ಯಾರಿದ್ದರಪ್ಪ? ಅವಳು ಕಣ್ಮರೆಯಾದರೆ ನೀನು ಊರು ಹಾರುವಂಗೆ ಅಳ್ತಿದ್ದೆ. ನೀನು ಸ್ಕೂಲಿಗೆ ಹೋಗೋ ವಯಸ್ಸಾಗಲಿ, ಜೊತೇಲೇ ಕಳಿಸೋಣ ಅಂದುಕೊಂಡ್ವಿ. ಹೆಚ್ಚು ವಯಸ್ಸು ಬರೆದರೆ ಹುಡುಗಿ ನಾಚಿಕೊಳ್ತಾಳೆ ಅಂತ ಮೇಷ್ಟ್ರೇ ಎರಡು ವರ್ಷ ಇಳಿಸಿ ಜೂನ್ ಒಂದು ಅಂತ ಬರಕೊಂಡರು.”

ಇಷ್ಟು ಹೇಳಿ ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಎಸೆದಳು. ನಾನು ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದೆ.

ರಿಜಿಸ್ಟರಿನ ಪುಟಪುಟದಲ್ಲಿಯೂ ಇರುವ ಜೂನ್ ಒಂದರ ಮರ್ಮ ಈಗ ಹೊಳೆಯಿತು. ತಾರೀಖು ತಿಳಿಯದ ತಂದೆತಾಯಿಗಳು, ಶಾಲೆ ತೆರೆಯುವ ಹೊತ್ತು, ಲೇಖನಿ ಹಿಡಿದು ಕಾಯುತ್ತಿರುವ ಮೇಷ್ಟ್ರು. ಕಲಮನ್ನು ಖಾಲಿ ಬಿಡುವಂತಿಲ್ಲ. ಹೀಗೆ ಬರೆದ ತಾರೀಖು ಮೊದಲ ಜರಡಿಯನ್ನೂ ದಾಟುತ್ತದೆ, ಎರಡನೆಯದನ್ನೂ ದಾಟುತ್ತದೆ. ಒಬ್ಬಳೇ ಮಗಳಾಗಿದ್ದರೆ ಮೂರನೆಯದನ್ನೂ ದಾಟುತ್ತಿತ್ತು. ಅಕ್ಕನ ತಾರೀಖು ಸಿಕ್ಕಿಬಿದ್ದದ್ದು ಪಕ್ಕದಲ್ಲಿ ನಾನಿದ್ದುದರಿಂದ ಮಾತ್ರ.

ಅಕ್ಕನಿಗೆ ಫೋನು ಮಾಡಿದೆ. ಮದುವೆಯಾಗಿ ಪಕ್ಕದ ತಾಲ್ಲೂಕಿನಲ್ಲಿದ್ದಾಳೆ. ನಡೆದುದನ್ನೆಲ್ಲ ಹೇಳಿದೆ, ತಾರೀಖನ್ನು ಸರಿಪಡಿಸಿಬಿಡುತ್ತೇನೆಂದೂ ಹೇಳಿದೆ. ಅವಳು ಗಾಬರಿಯಾದಳು.

“ಬೇಡ ಕಣೋ! ನನ್ನ ಆಧಾರು, ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ ಎಲ್ಲಾ ಆ ತಾರೀಖಿನ ಮೇಲೇ ನಿಂತಿದೆ. ಅದು ಹಂಗೇ ಇರಲಿ.”

ಆಮೇಲೆ ಸ್ವಲ್ಪ ತಡೆದು, “ನಿನ್ನ ಕಂಪ್ಯೂಟರು ಇದನ್ನೂ ಕಂಡುಹಿಡೀತಾ?” ಎಂದು ನಕ್ಕಳು.

“ಅಕ್ಕಾ, ಆಗ ನಿನ್ನನ್ನು ದಡ್ಡಿ ಅಂತಿದ್ದೆನಲ್ಲ...” ಎಂದೆ. ಮುಂದೆ ಮಾತು ಬರಲಿಲ್ಲ.

“ಅದೆಲ್ಲಾ ಯಾಕೀಗ? ಡಿಗ್ರಿ ಕೊಡೋ ದಿನ ಹೇಳು, ಬರ್ತೀನಿ,” ಎಂದಳು.

ಸೋಮವಾರ ಇಬ್ಬರು ಅಧ್ಯಾಪಕರ ಮುಂದೆಯೂ ವಿಷಯವಿಟ್ಟೆ. ನನ್ನೆದುರಿಗೆ ಎರಡು ಸುಲಭದ ದಾರಿಗಳಿದ್ದವು. ಅಕ್ಕನ ತಾರೀಖನ್ನು 2002ಕ್ಕೆ ತಿದ್ದಿದರೆ ಯಂತ್ರ ಸುಮ್ಮನಾಗುತ್ತಿತ್ತು. ನಿಯಮವನ್ನೇ ಕಿತ್ತುಹಾಕಿದರೂ ಸುಮ್ಮನಾಗುತ್ತಿತ್ತು. ಇತಿಹಾಸದ ಅಧ್ಯಾಪಕರು ಎರಡನ್ನೂ ಒಪ್ಪಲಿಲ್ಲ. “ರಿಜಿಸ್ಟರು ಏನು ಹೇಳುತ್ತದೆಂಬುದು ಒಂದು ಸತ್ಯ. ನಿಮ್ಮ ತಾಯಿ ಏನು ಹೇಳುತ್ತಾರೆಂಬುದು ಇನ್ನೊಂದು ಸತ್ಯ. ಒಂದನ್ನು ಅಳಿಸಿ ಇನ್ನೊಂದನ್ನು ಬರೆಯಬೇಡ, ಎರಡನ್ನೂ ಬರೆ,” ಎಂದರು.

ಟಿಇಐ ಪದ್ಧತಿಯಲ್ಲಿ ಇದಕ್ಕೂ ದಾರಿಯಿತ್ತು: ಇಂಥ ದಿನಕ್ಕಿಂತ ಮೊದಲಲ್ಲ, ಇಂಥ ದಿನದ ನಂತರವಲ್ಲ ಎಂದು ಬರೆಯಬಹುದು, ಹೇಳಿದವರು ಯಾರು, ಎಷ್ಟು ಖಚಿತ ಎಂಬುದನ್ನೂ ಬರೆಯಬಹುದು. ಹಾಗೆಯೇ ಮಾಡಿದೆವು. ರಿಜಿಸ್ಟರಿನ ೧-೬-೨೦೦೪ ಇದ್ದಲ್ಲಿಯೇ ಇದೆ. ಅದರ ಕೆಳಗೆ ಒಂದು ಟಿಪ್ಪಣಿ: ‘2002ರ ಜೂನ್ ಕೊನೆಯ ವಾರಕ್ಕೆ ಮೊದಲಲ್ಲ, ಜುಲೈ ಮೊದಲ ವಾರದ ನಂತರವಲ್ಲ, ತಾಯಿಯ ಹೇಳಿಕೆ, ಆರಿದ್ರ ಮಳೆ.’ ನನ್ನ ನಿಯಮವನ್ನು ತಪ್ಪಿನ ಪಟ್ಟಿಯಿಂದ ಎಚ್ಚರಿಕೆಯ ಪಟ್ಟಿಗೆ ವರ್ಗಾಯಿಸಿದೆವು. ಅದರ ಸಂದೇಶವನ್ನೂ ಬದಲಾಯಿಸಿದೆ. ‘ಒಂದಾದರೂ ಸುಳ್ಳು’ ಎಂದಿದ್ದುದು ಈಗ ಹೀಗಿದೆ: ‘ಈ ಇಬ್ಬರು ಒಡಹುಟ್ಟಿದವರ ಜನ್ಮದಿನಗಳು ಹೊಂದುವುದಿಲ್ಲ, ಮನೆಯವರನ್ನು ಕೇಳಿ.’

ಉಳಿದ ಹತ್ತು ಮನೆಗಳಲ್ಲಿ ಆರು ಮನೆಗಳಿಗೆ ನಾನೇ ಹೋಗಿ ಕೇಳಿ ಬಂದಿದ್ದೇನೆ. ಎರಡು ಕಡೆ ಬೇರೆ ಬೇರೆ ಸಂಸಾರಗಳ ತಂದೆತಾಯಿಗಳಿಗೆ ಒಂದೇ ಹೆಸರಿದ್ದುದರಿಂದ ಆದ ಗೊಂದಲವಷ್ಟೆ. ಮಿಕ್ಕ ನಾಲ್ಕು ಕಡೆ ನಮ್ಮ ಮನೆಯ ಕತೆಯೇ. ತಡವಾಗಿ ಶಾಲೆ ಸೇರಿದ್ದು ನಾಲ್ಕು ಕಡೆಯೂ ಹೆಣ್ಣುಮಗಳೇ.

ದಾಖಲೆಯು ಕ್ರಮಬದ್ಧವಾಗಿದೆಯೆಂದು ಯಂತ್ರ ಹೇಳಿದರೆ ನಾನೀಗ ಸಂತೋಷಪಡುತ್ತೇನೆ. ಹೊಟ್ಟು ಹಾರಿತು, ಹೆಂಟೆ ನಿಂತಿತು ಎಂದು ತಿಳಿದುಕೊಳ್ಳುತ್ತೇನೆ. ಅಷ್ಟಕ್ಕೇ ಅದನ್ನು ನಿಜವೆಂದು ನಂಬುವುದಿಲ್ಲ. ಜರಡಿ ಹಿಡಿದವನ ಕೆಲಸ ಜರಡಿಯಿಂದಲೇ ಮುಗಿಯದು. ಅದು ಎತ್ತಿ ತೋರಿಸಿದ ಮನೆಯ ಬಾಗಿಲಿಗೆ ಹೋಗಿ ಕೇಳುವ ತನಕವೂ ಇದೆ.

ಈ ವರ್ಷ ನನ್ನ ಪದವಿ ಮುಗಿಯುತ್ತದೆ. ನಮ್ಮ ವಂಶದಲ್ಲಿ ಮೊದಲ ಪದವೀಧರನೆಂದು ಅಪ್ಪ ಈಗಾಗಲೇ ಊರಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದಾನೆ. ಪದವಿಯ ಪತ್ರದಲ್ಲಿ ನನ್ನ ಹೆಸರೊಂದೇ ಇರುತ್ತದೆ. ಅದರ ನಮೂನೆಯಲ್ಲಿ ಇನ್ನೊಂದು ಹೆಸರಿಗೆ ಜಾಗವಿಲ್ಲ. ಆ ದಿನ ಅಕ್ಕ ಬರುತ್ತೇನೆಂದಿದ್ದಾಳೆ. ಪತ್ರವನ್ನು ಮೊದಲು ಅವಳ ಕೈಗೇ ಕೊಡುತ್ತೇನೆ.